ಪುಲಿಗೆರೆಯ ಪ್ರತಿಶಾಸನಗಳು: ಸಾಹಿತ್ಯ ಚರಿತ್ರೆಗೆ ಎಷ್ಟು ಆಧಾರ?

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪುಲಿಗೆರೆ ಹೊಸ ಹೆಸರಲ್ಲ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನು ಸ್ಮರಿಸುತ್ತದೆ. ಪಂಪನು ತನ್ನ ಕಾವ್ಯಭಾಷೆ ಪುಲಿಗೆರೆಯದೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರವೇ ಆ ಪುಲಿಗೆರೆ.

ಈ ಸೀಮೆಯ ಪ್ರಾಚೀನತೆಗೆ ನೆಲವೂ ಸಾಕ್ಷಿ, ಬರಹವೂ ಸಾಕ್ಷಿ. ಶಿರಹಟ್ಟಿ, ಮುಂಡರಗಿಗಳ ನಡುವೆ ಹಬ್ಬಿರುವ ಕಪ್ಪತಗುಡ್ಡದ ಸಾಲಿನಲ್ಲಿ ಪುರಾತನರು ಚಿನ್ನ ತೆಗೆದ ಕುಳಿಗಳ ಕುರುಹುಗಳಿವೆ. ಗುಡ್ಡದ ಮಗ್ಗುಲಲ್ಲಿರುವ ದಂಬಳದ 1095ರ ಶಾಸನವು ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವನ್ನು ಹೇಳುತ್ತದೆ. ಲಕ್ಕುಂಡಿಯ 1007ರ ಶಾಸನದಲ್ಲಿ ಅತ್ತಿಮಬ್ಬೆಯ ಜಿನಭಕ್ತಿಯ ವಿವರವಿದೆ. ಇವುಗಳಿಗಿಂತ ಮುನ್ನೂರು ವರ್ಷ ಹಿಂದಕ್ಕೆ ನಮ್ಮನ್ನು ಒಯ್ಯುವವು ಪುಲಿಗೆರೆಯ ಶಂಖಬಸದಿಯ ಶಾಸನಗಳು. ತೊಡಕು ಇರುವುದೂ ಅವುಗಳಲ್ಲಿಯೇ.

ಬಸದಿಯ ಒಂದು ಕಲ್ಲಿನಲ್ಲಿ ಮೊದಲಿಗೆ ಕಾಣುವುದು ಗಂಗ ಮಾರಸಿಂಹನ ಶಕ 890ರ, ಅಂದರೆ 968ರ ದತ್ತಿ. ಅದರ ಕೆಳಗೆ ಸೇಂದ್ರಕ ದುರ್ಗಶಕ್ತಿಯ ದಾನ; ಅದರ ಬಳಿಕ ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯನ ಶಕ 656ರ (734) ಶಾಸನ. ಇನ್ನೊಂದು ಕಲ್ಲಿನಲ್ಲಿ ವಿನಯಾದಿತ್ಯ, ವಿಜಯಾದಿತ್ಯರ ದತ್ತಿಗಳಿವೆ. ಹಳೆಯ ದತ್ತಿಗಳು ಹೊಸದರ ಕೆಳಗೆ, ಹೊಸ ಲಿಪಿಯಲ್ಲಿ ನಿಂತಿರುವುದರಿಂದ ಇವು ಮೂಲಗಳಲ್ಲ, ಪ್ರತಿಗಳು ಎಂಬುದು ನಿರ್ವಿವಾದ. ಇವನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟರು ಇವುಗಳ ಸಾಚಾತನವನ್ನು ಶಂಕಿಸಿದರು.

ಈ ಶಂಕೆ ಶಾಸನತಜ್ಞರಿಗಷ್ಟೇ ಸಂಬಂಧಿಸಿದ್ದಲ್ಲ. ವಿಜಯಾದಿತ್ಯನ 729ರ ದತ್ತಿಯನ್ನು ಪಡೆದವನು ಮೂಲಸಂಘ ದೇವಗಣದ ಉದಯದೇವಪಂಡಿತ. ನಿರವದ್ಯಪಂಡಿತನೆಂಬ ಇನ್ನೊಂದು ಹೆಸರುಳ್ಳ ಈತನನ್ನು ಶಾಸನವು ಶ್ರೀಪೂಜ್ಯಪಾದರ ಶಿಷ್ಯನೆಂದು ಕರೆಯುತ್ತದೆ. ಜೈನೇಂದ್ರ ವ್ಯಾಕರಣ, ಸರ್ವಾರ್ಥಸಿದ್ಧಿಗಳ ಕರ್ತೃವಾದ ಪೂಜ್ಯಪಾದರ ಕಾಲನಿರ್ಣಯಕ್ಕೆ ಈ ಒಂದು ಮಾತನ್ನು ಆಧಾರವಾಗಿ ಹಿಡಿದರೆ, ಆಚಾರ್ಯರನ್ನು ಏಳನೆಯ ಶತಮಾನದ ಕೊನೆಗೆ ತರಬೇಕಾಗುತ್ತದೆ.

ಹಾಗಾದರೆ ಈ ಶಾಸನಗಳನ್ನು ಕೃತಕವೆಂದು ತಳ್ಳಿಬಿಡಬೇಕೆ? ಹಾಗೆ ಮಾಡುವುದು ಅವಸರವಾದೀತು. ತಾಳೆಗರಿ, ತಾಮ್ರಪಟಗಳಲ್ಲಿದ್ದ ದತ್ತಿಯನ್ನು ಮುಂದೆ ಕಲ್ಲಿಗೆ ಏರಿಸುವುದು ಅಸಹಜವೇನಲ್ಲ. ಬಸದಿಯೊಂದು ತನ್ನ ಹಳೆಯ ಭೂಮಿಯ ಹಕ್ಕನ್ನು ಮತ್ತೆ ಸಾರಬೇಕಾದ ಸಂದರ್ಭಗಳೂ ಇದ್ದವು. ಗದಗ ತಾಲ್ಲೂಕಿನ ಗಾವರವಾಡದ ಶಾಸನವನ್ನು ಇಲ್ಲಿ ನೆನೆಯಬಹುದು: ಚೋಳರ ದಾಳಿಯಲ್ಲಿ ಹಾಳಾದ ಅಣ್ಣಿಗೇರಿಯ ಗಂಗಪೆರ್ಮಾಡಿ ಬಸದಿಯ ದತ್ತಿಗಳನ್ನು ಮಹಾಮಂಡಳೇಶ್ವರ ಲಕ್ಷ್ಮರಸನು 1071ರ ಸುಮಾರಿಗೆ ಪುನಃ ಊರ್ಜಿತಗೊಳಿಸಿದನು. ಪುಲಿಗೆರೆಯಲ್ಲಿಯೂ ಮಾರಸಿಂಹನ ದತ್ತಿಯನ್ನು ಪಡೆದ ಜಯದೇವಪಂಡಿತ ದೇವಗಣದವನೇ. ತನ್ನ ಗಣದ ಪೂರ್ವಾಚಾರ್ಯರಿಗೆ ಸಂದ ದಾನಗಳನ್ನು ಒಂದೆಡೆ ಬರೆಯಿಸುವುದರಲ್ಲಿ ಅವನ ಹಿತ ಅಡಗಿತ್ತೆಂದು ತರ್ಕಿಸಬಹುದು. ಪ್ರತಿಯನ್ನು ಉಳಿಸಿದ ಕಾರಣವೂ, ಪ್ರತಿಯನ್ನು ತಿದ್ದಲು ಇದ್ದ ಪ್ರಲೋಭನೆಯೂ ಒಂದೇ ಎಂಬುದನ್ನು ಮರೆಯಬಾರದು.

ಇದೇ ಊರಿನ ಮತ್ತೊಂದು ಶಾಸನ ಇಲ್ಲಿ ನೆರವಿಗೆ ಬರುತ್ತದೆ. ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ, ನಗರಕ್ಕೂ, ಹದಿನೆಂಟು ಪ್ರಕೃತಿಗಳಿಗೂ ವಿಧಿಸಿದ ಆಚಾರವ್ಯವಸ್ಥೆ ಅದು. ಎಂಟನೆಯ ಶತಮಾನದ ಕನ್ನಡದ ಬರಹ. ವರ್ತಕಸಂಘ, ಶ್ರೇಣಿ, ತೆರಿಗೆಗಳ ಕಟ್ಟುಪಾಡುಳ್ಳ ನಗರವೊಂದು ಆಗಲೇ ಇಲ್ಲಿ ನೆಲೆಗೊಂಡಿತ್ತೆಂಬುದಕ್ಕೆ ಅದು ಗಟ್ಟಿಯಾದ ಆಧಾರ. 734ರ ಪ್ರತಿಶಾಸನದಲ್ಲಿ ಬಾಹುಬಲಿಶ್ರೇಷ್ಠಿಯ ವಿಜ್ಞಾಪನೆಯ ಮೇರೆಗೆ ಜಿನಾಲಯಗಳ ಜೀರ್ಣೋದ್ಧಾರ ನಡೆಯಿತೆಂಬ ಮಾತು ಇಂಥ ನಗರಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಆದುದರಿಂದ ಪುಲಿಗೆರೆಯ ಪ್ರತಿಶಾಸನಗಳನ್ನು ಎರಡು ತೂಕದಲ್ಲಿ ತೂಗುವುದು ಯುಕ್ತ. ಹತ್ತನೆಯ ಶತಮಾನದ ದೇವಗಣವು ತನ್ನ ಪರಂಪರೆಯನ್ನು ಹೇಗೆ ಕಂಡಿತು ಎಂಬುದಕ್ಕೆ ಅವು ಪ್ರಥಮ ದರ್ಜೆಯ ಆಕರಗಳು. ಏಳು, ಎಂಟನೆಯ ಶತಮಾನಗಳ ಮಟ್ಟಿಗೆ ಸ್ವತಂತ್ರ ಸಾಕ್ಷ್ಯವೊಂದು ಜತೆಗೂಡಿದಲ್ಲಿ ಮಾತ್ರ ಅವು ಪ್ರಮಾಣ. ಈ ಅಳತೆಯಿಂದ ನೋಡಿದರೆ ಪುಲಿಗೆರೆಯ ನಗರದ ಪ್ರಾಚೀನತೆ ನಿಲ್ಲುತ್ತದೆ. ಪೂಜ್ಯಪಾದರ ಕಾಲವನ್ನು ಮಾತ್ರ ಈ ಕಲ್ಲಿನ ಮೇಲೆ ನಿಲ್ಲಿಸಲಾಗದು.