ಮಳಖೇಡದಿಂದ ಸಂಜಾಣಕ್ಕೆ: ಮೀನು, ಗುಡ್ಡ ಮತ್ತೊಂದು ತಾಮ್ರಪಟ

ಹೋದ ಚಳಿಗಾಲದಲ್ಲಿ ನಾಲ್ಕು ದಿನ ರಜೆ ಹಾಕಿ ಸಮುದ್ರ ನೋಡಲು ಹೋಗಿದ್ದೆ. ಸಮುದ್ರ ಅಂದರೆ ನಮ್ಮ ಕಡೆಯವರು ಗೋವಾಕ್ಕೋ ಗೋಕರ್ಣಕ್ಕೋ ಹೋಗುತ್ತಾರೆ. ನಾನು ಹೋದದ್ದು ಮಹಾರಾಷ್ಟ್ರ-ಗುಜರಾತ್ ಗಡಿಯಲ್ಲಿರುವ ಚಿಂಚಣಿ, ಡಹಾಣು, ಸಂಜಾಣ ಎಂಬ ಊರುಗಳಿಗೆ. "ಅಲ್ಲೇನಿದೆ?" ಅಂತ ಕೇಳಿದವರಿಗೆಲ್ಲ "ಮೀನು ಚೆನ್ನಾಗಿ ಸಿಗುತ್ತೆ, ಹತ್ತಲಿಕ್ಕೆ ಒಂದು ಗುಡ್ಡ ಇದೆ" ಅಂತಷ್ಟೇ ಹೇಳಿದೆ. ಎರಡೂ ಸುಳ್ಳಲ್ಲ. ಆದರೆ ನಿಜವಾದ ಕಾರಣ ಹೇಳಲು ಹೊರಟರೆ ಚಹಾ ಆರಿ ಹೋಗುತ್ತದೆ, ಕೇಳುವವರು ಎದ್ದು ಹೋಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಇಲ್ಲಿ ನೀವು ಎದ್ದು ಹೋದರೂ ನನಗೆ ಕಾಣುವುದಿಲ್ಲ :)

ನಮ್ಮೂರು ಮಳಖೇಡ. ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ. ಕಾಗಿಣಾ ಹೊಳೆ, ದಂಡೆಯ ಮೇಲೆ ಹಳೇ ಕೋಟೆ, ನೇಮಿನಾಥ ಬಸದಿ, ಟೀಕಾಚಾರ್ಯರ ವೃಂದಾವನ, ಒಂದು ದರ್ಗಾ, ಸ್ವಲ್ಪ ಆಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಸುತ್ತ ತೊಗರಿ ಹೊಲ. ನೆಲ ಅಗೆದರೆ ಶಹಾಬಾದ್ ಕಲ್ಲು. ಇಲ್ಲಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ಹತ್ತಿರವಿಲ್ಲ. ನಕಾಶೆಯ ಮೇಲೆ ಪಡುವಣಕ್ಕೆ ನೇರ ಗೆರೆ ಎಳೆದರೂ 400 ಕಿಲೋಮೀಟರ್ ದಾಟುತ್ತದೆ. ಹೊರಡುವ ದಿನ ನಮ್ಮ ಓಣಿಯ ಹಿರಿಯರೊಬ್ಬರು, "ನೀರ್ ನೋಡಾಕ ಅಷ್ಟು ದೂರ ಯಾಕ್ ಹೊಂಟೀರಿ? ಕಾಗಿಣಾ ಇಲ್ಲೇ ಅದಲ್ಲ!" ಅಂದರು. ಬೇಸಿಗೆಯಲ್ಲಿ ಕಾಗಿಣಾದಲ್ಲಿ ಎಷ್ಟು ನೀರಿರುತ್ತದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ವಿಷಯ ಏನೆಂದರೆ, ಈ ಒಣ ನೆಲದ ಊರನ್ನು ಸಾವಿರದ ನೂರು ವರ್ಷಗಳ ಹಿಂದೆ ಬಾಗ್ದಾದಿನ ಜನ ಬಲ್ಲವರಾಗಿದ್ದರು. ಅವರಿಗೆ ಅದು "ಮಾಂಕೀರ್", ಅಂದರೆ ಮಾನ್ಯಖೇಟ. ಅಲ್ಲಿ ಆಳುವವನು "ಬಲ್ಹರಾ", ಅಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ. 851ರಲ್ಲಿ ಬರೆದ, ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಅರಬ್ಬೀ ವೃತ್ತಾಂತದಲ್ಲಿ ಲೋಕದ ನಾಲ್ವರು ದೊಡ್ಡ ಅರಸರ ಪಟ್ಟಿ ಇದೆ: ಅರಬರ ಖಲೀಫ, ಚೀನದ ಅರಸ, ರೂಮಿನ ಅರಸ, ನಾಲ್ಕನೆಯವನು ಬಲ್ಹರಾ. ಆಗ ಪಟ್ಟದಲ್ಲಿದ್ದವನು ಅಮೋಘವರ್ಷ ನೃಪತುಂಗ. ಶಾಲೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಓದಿ ಎಲ್ಲರೂ ಪಾಸಾಗಿದ್ದೇವೆ. ಆದರೆ ಆ ವ್ಯಾಪಾರಿಗಳು ಮಳಖೇಡದ ತನಕ ಬಂದು ಇದನ್ನೆಲ್ಲ ಬರೆದರೇ? ಹೆಚ್ಚಿನವರು ಬರಲಿಲ್ಲ. ಅವರು ಬಂದದ್ದು ಬಂದರುಗಳಿಗೆ. ಬಲ್ಹರಾನ ರಾಜ್ಯ ಕೊಂಕಣದ ಕರಾವಳಿಯಿಂದ ಶುರು ಅಂತ ಆ ವೃತ್ತಾಂತವೇ ಹೇಳುತ್ತದೆ. ಸಮುದ್ರದ ಕಡೆಯಿಂದ ಬರುವವನಿಗೆ ರಾಜ್ಯದ ಬಾಗಿಲು ಅದು. ನನಗೆ ನೋಡಬೇಕಿದ್ದದ್ದು ಆ ಬಾಗಿಲು.

ವಾಡಿ ಜಂಕ್ಷನ್ನಿಂದ ರಾತ್ರಿ ರೈಲು ಹಿಡಿದು ಮುಂಬೈ, ಅಲ್ಲಿಂದ ಪಶ್ಚಿಮ ರೈಲ್ವೆಯಲ್ಲಿ ಡಹಾಣು ರೋಡ್. ಪಯಣದ ಬಗ್ಗೆ ಹೇಳುವಂಥದ್ದೇನಿಲ್ಲ, ಕೂರಲು ಜಾಗ ಸಿಗಲಿಲ್ಲ ಅಷ್ಟೇ.

ಮೊದಲ ದಿನ ಡಹಾಣುವಿನ ದಕ್ಷಿಣಕ್ಕಿರುವ ಚಿಂಚಣಿಗೆ ಹೋದೆ. ಉದ್ದನೆಯ ದಂಡೆ, ಕಪ್ಪು ಛಾಯೆಯ ಮರಳು, ಗಾಳಿಮರಗಳು. ಖಾಡಿಯ ಆಚೆ ತಾರಾಪುರ, 1969ರಲ್ಲಿ ದೇಶದ ಮೊದಲ ಅಣು ವಿದ್ಯುತ್ ಸ್ಥಾವರ ಶುರುವಾದದ್ದು ಅದೇ ಹೆಸರಿನಲ್ಲಿ. ಬಿದಿರಿನ ಗಳಗಳಿಗೆ ಬೊಂಬಿಲ್ ಮೀನನ್ನು ಬಾಯಿಗೆ ಬಾಯಿ ಸಿಕ್ಕಿಸಿ ಜೋಡಿ ಜೋಡಿಯಾಗಿ ಒಣಗಲು ಹಾಕಿರುತ್ತಾರೆ. ದೂರದಿಂದ ನೋಡಿದರೆ ಯಾರೋ ಬಟ್ಟೆ ಒಣಹಾಕಿದ ಹಾಗೆ. ವಾಸನೆ ಮಾತ್ರ ಊರಿಗೆ ಊರೇ ಹೊತ್ತು ತಿರುಗುತ್ತದೆ. ಹಸಿ ಬೊಂಬಿಲ್ ಕೈಯಲ್ಲಿ ಹಿಡಿದರೆ ನೀರಿನ ಚೀಲ. ಅದನ್ನು ಸೀಳಿ, ಭಾರ ಇಟ್ಟು ನೀರು ಇಳಿಸಿ, ಖಾರ ಸವರಿ, ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ ಹಂಚಿಗೆ ಹಾಕುತ್ತಾರೆ. ಮೇಲೆ ಗರಿಗರಿ, ಒಳಗೆ ಬೆಣ್ಣೆ. ಜೊತೆಗೆ ಅಕ್ಕಿ ಭಾಕರಿ, ತೆಂಗಿನಕಾಯಿ ಹಾಕಿದ ಹುಳಿ ಸಾರು, ಅನ್ನ. ಮನೆಯೊಂದರ ಜಗಲಿಯಲ್ಲೇ ಖಾನಾವಳಿ ನಡೆಸುವ ಅಜ್ಜಿ, ನಾನು ಜೋಳದ ರೊಟ್ಟಿ ತಿನ್ನುವ ಊರಿನವನು ಅಂತ ಗೊತ್ತಾದ ಮೇಲೆ ಪಾಪ ಅನ್ನಿಸಿತೋ ಏನೋ, ಕೇಳದೇ ಇನ್ನೊಂದು ತುಂಡು ಬಡಿಸಿದರು. ನಮ್ಮ ಹೊಳೆ ಮೀನಿನ ರುಚಿಯೇ ಬೇರೆ, ಇದರ ರುಚಿಯೇ ಬೇರೆ. ಹೋಲಿಸಲು ಹೋಗಬಾರದು.

ಈಗ ತಾಮ್ರಪಟದ ವಿಷಯ. 1955ರಲ್ಲಿ ಇದೇ ಚಿಂಚಣಿಯಲ್ಲಿ ರೈತರೊಬ್ಬರಿಗೆ ನೆಲದೊಳಗೆ ತಾಮ್ರಪಟಗಳ ಗಂಟು ಸಿಕ್ಕಿತು. ಡಿ. ಸಿ. ಸರ್ಕಾರ್ ಅವರು ಓದಿ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಅದರಲ್ಲಿ ಹಳೆಯದು ಶಕ 848, ಅಂದರೆ ಕ್ರಿ.ಶ. 926ರದು, ಮೂರನೇ ಇಂದ್ರನ ಕಾಲದ್ದು. ಭಾಷೆ ಸಂಸ್ಕೃತ. ಅದು ಹೇಳುವುದು ಇಷ್ಟು: ಇಂದ್ರನ ಅಜ್ಜ ಎರಡನೇ ಕೃಷ್ಣ (878-914) ಸಂಯಾನ ಮಂಡಲವನ್ನು, ಅಂದರೆ ಇಂದಿನ ಸಂಜಾಣದ ಸೀಮೆಯನ್ನು, ಒಬ್ಬ ತಾಜಿಕನಿಗೆ ಆಳಲು ಕೊಟ್ಟಿದ್ದ. ತಾಜಿಕ ಅಂದರೆ ಅರಬ. ನಮ್ಮಲ್ಲಿ ಕುದುರೆಗೆ 'ತೇಜಿ' ಅನ್ನುತ್ತೇವಲ್ಲ, ಅದೂ ಅದೇ ಮೂಲದ್ದು ಅನ್ನುತ್ತಾರೆ. ಅವನ ಹೆಸರು ಶಾಸನದಲ್ಲಿ ಮಧುಮತಿ. ಮಹಮ್ಮದ್ ಎಂಬ ಹೆಸರು ಸಂಸ್ಕೃತ ಪಂಡಿತನ ಕೈಯಲ್ಲಿ ಸಿಕ್ಕು ಹೀಗಾಗಿದೆ. ಸುಗತಿಪ ಅಂತ ಇನ್ನೊಂದು ಹೆಸರು. ತಂದೆ ಸಹಿಯಾರಹಾರ, ಅಂದರೆ ಶಹರಿಯಾರ್ ಇರಬೇಕು ಅಂತ ವಿದ್ವಾಂಸರ ಊಹೆ.

ಇವನು ಅಲ್ಲಿ ಮಾಡಿದ್ದೇನು? ಸುತ್ತಲಿನ ಬಂದರುಗಳ ಒಡೆಯರನ್ನು ತನ್ನ ಸ್ವಾಮಿಯ ಪರವಾಗಿ ಗೆದ್ದು ಅಲ್ಲಲ್ಲಿ ತನ್ನ ಅಧಿಕಾರಿಗಳನ್ನು ಇಟ್ಟ. ಎರಡು ಹೊಳೆಗಳಿಗೆ ಕಾಸಿಲ್ಲದೆ ದಾಟಿಸುವ ದೋಣಿ ಹಾಕಿಸಿದ. ಸಂಯಾನದಲ್ಲಿ ಒಂದು ಛತ್ರ ಕಟ್ಟಿಸಿದ. ಅಲ್ಲಿ ಬಂದವರಿಗೆ ಅನ್ನ, ಮೇಲೋಗರ, ತುಪ್ಪ ಪುಕ್ಕಟೆ! ರಾಜ ಗೆದ್ದ ರಾಜ್ಯಗಳ ಪಟ್ಟಿ ಎಲ್ಲ ಶಾಸನದಲ್ಲೂ ಇರುತ್ತದೆ, ಓದಿ ಓದಿ ಬೇಜಾರಾಗಿರುತ್ತದೆ. ತುಪ್ಪದ ವಿಷಯ ಬರುವುದು ಅಪರೂಪ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಈ ಮಧುಮತಿಯ ಮಂತ್ರಿ ಪುವ್ವಯ್ಯ. ಪುವ್ವಯ್ಯನ ಗೆಳೆಯ ಅಣ್ಣಯ್ಯ ಎಂಬ ಬ್ರಾಹ್ಮಣ. ಹೆಸರು ನೋಡಿ! ಸಂಜಾಣದ ಶಾಸನದಲ್ಲಿ ಪುವ್ವಯ್ಯ, ಅಣ್ಣಯ್ಯ. ಇವರು ನಮ್ಮ ಕಡೆಯಿಂದ ಹೋದವರು ಅಂತ ಶಾಸನ ಹೇಳುವುದಿಲ್ಲ. ಆದರೆ ಆ ಹೆಸರು ಓದಿದಾಗ ನನಗಂತೂ ಪರಊರಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕನ್ನಡ ಮಾತಾಡಿದ್ದು ಕೇಳಿಸಿದ ಹಾಗಾಯಿತು. ಈ ಅಣ್ಣಯ್ಯ ಸಂಯಾನದಲ್ಲಿ ಒಂದು ಮಠಿಕೆ ಕಟ್ಟಿಸಿದ. ಅಲ್ಲಿನ ಭಗವತಿಯ ನೈವೇದ್ಯಕ್ಕೆ, ಒಂಬತ್ತು ಜನರ ಊಟಕ್ಕೆ ಅಂತ ಒಂದು ಹಳ್ಳಿಯನ್ನೂ ಬೇರೊಂದು ಊರಿನ ಸ್ವಲ್ಪ ಭೂಮಿಯನ್ನೂ ದತ್ತಿ ಬಿಟ್ಟದ್ದೇ ಈ ತಾಮ್ರಪಟದ ಮುಖ್ಯ ವಿಷಯ. ಆ ದತ್ತಿ ನಡೆದದ್ದು ಮಧುಮತಿಯ ಆಡಳಿತದಲ್ಲಿ, ಮೇಲೆ ಮಳಖೇಡದ ಅರಸನ ಒಪ್ಪಿಗೆಯೊಂದಿಗೆ. ಮುಸಲ್ಮಾನ ಮಂಡಲಾಧಿಪತಿ, ಬ್ರಾಹ್ಮಣನ ಮಠ, ದೇವಿಯ ನೈವೇದ್ಯ, ಕನ್ನಡ ನಾಡಿನ ದೊರೆ. ಇಸವಿ 926.

ನಮ್ಮೂರಲ್ಲಿ ರಾಷ್ಟ್ರಕೂಟರ ಬಗ್ಗೆ ಭಾಷಣ ಆದಾಗಲೆಲ್ಲ ನಾನು ಕೇಳಿದ್ದು ಕವಿರಾಜಮಾರ್ಗ, ಎಲ್ಲೋರದ ಕೈಲಾಸ, ಕನೌಜಿನ ತನಕ ಹೋದ ಸೈನ್ಯ. ಮೂರೂ ಹೆಮ್ಮೆಯವೇ. ಈ ಮಧುಮತಿಯ ಹೆಸರು ಮಾತ್ರ ಒಂದು ಸಲವೂ ಕೇಳಿಲ್ಲ. ಇತ್ತೀಚೆಗೆ ಯಾರು ಈ ನೆಲದವರು, ಯಾರು ಹೊರಗಿನವರು ಅಂತ ಚಹಾ ಅಂಗಡಿಯಲ್ಲೂ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಎರಡನೇ ಕೃಷ್ಣನನ್ನು ಎಲ್ಲಿ ಕೂರಿಸುವುದು? ಹಾಗಂತ ಅವನನ್ನು ಇಂದಿನ ಮಾತಿನಲ್ಲಿ ಸರ್ವಧರ್ಮ ಸಮನ್ವಯದ ಹರಿಕಾರ ಅಂತ ಕರೆಯುವುದಕ್ಕೂ ನನಗೆ ಮನಸ್ಸಿಲ್ಲ. ಇದರಲ್ಲಿ ವ್ಯವಹಾರ ಇತ್ತು. ಬಂದರಿನ ಸುಂಕ ಬೇಕು, ಸಮುದ್ರದ ಮೇಲೆ ನಂಬಿಕಸ್ತರು ಬೇಕು. ಉತ್ತರದಲ್ಲಿ ಗುರ್ಜರ ಪ್ರತೀಹಾರರು ರಾಷ್ಟ್ರಕೂಟರಿಗೂ ಶತ್ರು, ಸಿಂಧಿನ ಅರಬರಿಗೂ ಶತ್ರು. ಸಮುದ್ರ ಬಲ್ಲವನ ಕೈಗೆ ಬಂದರು ಕೊಟ್ಟರು. ನನ್ನನ್ನು ಹಿಡಿದು ನಿಲ್ಲಿಸುವುದು ಕೊಟ್ಟದ್ದಲ್ಲ, ಕೊಟ್ಟ ಮೇಲೆ ಅವನು ದೋಣಿ ಹಾಕಿಸಿ ಛತ್ರ ನಡೆಸಿದ್ದು, ಮತ್ತು ಅದನ್ನು ಒಬ್ಬ ಸಂಸ್ಕೃತ ಪಂಡಿತ ಶ್ಲೋಕ ಕಟ್ಟಿ ಹೊಗಳಿ ಬರೆದದ್ದು.

ಅರಬ ಭೂಗೋಳಕಾರರು ಬರೆದದ್ದೂ ಇದಕ್ಕೆ ಸರಿಹೊಂದುತ್ತದೆ. ಬಲ್ಹರಾನ ಊರುಗಳಲ್ಲಿ ಮುಸಲ್ಮಾನರ ಮೇಲೆ ಅವರಲ್ಲೇ ಒಬ್ಬನನ್ನು ಅರಸ ನೇಮಿಸುತ್ತಾನೆ ಅಂತ ಇಸ್ತಖ್ರಿ, ಇಬ್ನ್ ಹೌಕಲ್ ಹೇಳಿದ್ದಾರೆ. ಚಿಂಚಣಿಯ ಪಟ ಸಿಗುವ ತನಕ ಅದು ಒಂದೇ ಕಡೆಯವರ ಮಾತಾಗಿತ್ತು.

ಎರಡನೇ ದಿನ ಗುಡ್ಡ. ಬೋರ್ಡಿ ಅಂತ ಒಂದು ಊರಿದೆ, ಘೋಲವಡದ ಪಕ್ಕ. ಎಲ್ಲಿ ನೋಡಿದರೂ ಚಿಕ್ಕು ತೋಟ (ಘೋಲವಡ ಚಿಕ್ಕುವಿಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ). ಅಲ್ಲಿಂದ ಒಳನಾಡಿಗೆ ಬಹರೋಟ್ ಗುಡ್ಡ, ಸುಮಾರು 1500 ಅಡಿ. ನಮ್ಮ ಚಿಂಚೋಳಿ ಕಾಡಿನ ಗುಡ್ಡ ಹತ್ತಿದವರಿಗೆ ಇದು ತ್ರಾಸದ್ದೇ. ಕಾಡು ಕುರುಚಲು, ದಾರಿಯಲ್ಲಿ ಜಾರುವ ಸಣ್ಣ ಕಲ್ಲು, ಬಿಸಿಲು ಬೇಗ ಏರುತ್ತದೆ. ಊರಿನ ವಾರ್ಲಿ ಹುಡುಗನೊಬ್ಬ ದಾರಿ ತೋರಿಸಲು ಬಂದಿದ್ದ. ನಾನು ಐದು ಕಡೆ ಕೂತೆ, ಅವನು ಒಂದು ಕಡೆಯೂ ಕೂರಲಿಲ್ಲ. ನೀರು ಎರಡು ಬಾಟಲಿ ಸಾಲುವುದಿಲ್ಲ, ಹೋಗುವವರು ನೆನಪಿಡಿ.

ಮೇಲೆ ಬಂಡೆಯಲ್ಲಿ ಕೊರೆದ ಗುಹೆಗಳಿವೆ. ಪಾರಸಿಗಳಿಗೆ ಇದು ಪವಿತ್ರ ಜಾಗ. ಇರಾನಿನಿಂದ ಹಡಗಿನಲ್ಲಿ ಬಂದ ಅವರ ಹಿರಿಯರು ಇಳಿದದ್ದು ಸಂಜಾಣದಲ್ಲಿ. ಆ ಕಥೆಯನ್ನು 1599ರಲ್ಲಿ ಬಹಮನ್ ಕೈಕೋಬಾದ್ ಎಂಬಾತ 'ಕಿಸ್ಸಾ-ಎ-ಸಂಜಾಣ' ಎಂಬ ಪಾರಸಿ ಕಾವ್ಯದಲ್ಲಿ ಬರೆದ. ಸುಲ್ತಾನನ ದಂಡು ಸಂಜಾಣವನ್ನು ಹಾಳು ಮಾಡಿದಾಗ, ಅದು 15ನೇ ಶತಮಾನ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ತಮ್ಮ ಪವಿತ್ರ ಅಗ್ನಿಯನ್ನು ಹೊತ್ತು ಈ ಗುಡ್ಡಕ್ಕೆ ಬಂದು 12 ವರ್ಷ ಕಾಪಾಡಿದರಂತೆ. ಆ ಬೆಂಕಿ ಈಗ ಉದವಾಡದಲ್ಲಿದೆ, 1742ರಿಂದ. ಪಾರಸಿಗಳು ಸಂಜಾಣಕ್ಕೆ ಬಂದ ಇಸವಿಯ ಬಗ್ಗೆ ಜಗಳ ಮುಗಿದಿಲ್ಲ. 716 ಅನ್ನುವವರಿದ್ದಾರೆ, 936 ಅನ್ನುವವರೂ ಇದ್ದಾರೆ. ಎರಡನೆಯದು ನಿಜವಾದರೆ ಅವರು ಇಳಿದದ್ದು ನಮ್ಮ ತಾಮ್ರಪಟ ಬರೆದ ಹತ್ತೇ ವರ್ಷಕ್ಕೆ, ರಾಷ್ಟ್ರಕೂಟರ ನೆಲದಲ್ಲಿ.

ಗುಡ್ಡದ ತುದಿಯಲ್ಲಿ ನಿಂತಾಗ ನನಗೆ ಬಹಳ ದಿನದಿಂದ ಬಿಡಿಸದ ಒಂದು ಗಂಟು ಬಿಚ್ಚಿತು. 10ನೇ ಶತಮಾನದ ಮಸೂದಿ, ಈತ ಚೌಲ್ ಬಂದರನ್ನು ಕಣ್ಣಾರೆ ಕಂಡವನು, ಬಲ್ಹರಾನ ಸೈನ್ಯದಲ್ಲಿ ಕಾಲಾಳುಗಳೇ ಹೆಚ್ಚು, ಯಾಕೆಂದರೆ ಅವನ ರಾಜಧಾನಿ ಬೆಟ್ಟಗಳ ನಡುವೆ ಇದೆ ಅಂತ ಬರೆದಿದ್ದಾನೆ. ಮಳಖೇಡ ನೋಡಿದವರಿಗೆ ನಗು ಬರುತ್ತದೆ. ನಮ್ಮಲ್ಲಿ ಬೆಟ್ಟ ಎಲ್ಲಿದೆ? ಎಮ್ಮೆ ಮೇಯುವ ಬಯಲು. ಮಾಂಕೀರ್ ಸಮುದ್ರದಿಂದ 80 ಸಿಂಧಿ ಫರ್ಸಖ್ ದೂರ, ಫರ್ಸಖ್‌ಗೆ ಎಂಟು ಮೈಲಿ ಅಂತಲೂ ಲೆಕ್ಕ ಕೊಡುತ್ತಾನೆ. ಅಲ್ಲಿಗೆ 640 ಮೈಲಿ, ನಿಜಕ್ಕಿಂತ ಬಹಳ ಜಾಸ್ತಿ. ಆದರೆ ಬಹರೋಟ್ ಮೇಲೆ ಪಡುವಣಕ್ಕೆ ಮುಖ ಮಾಡಿದರೆ ಸಮುದ್ರದ ಬೆಳ್ಳಿ ಗೆರೆ, ಮೂಡಣಕ್ಕೆ ತಿರುಗಿದರೆ ಒಂದರ ಹಿಂದೆ ಒಂದು ಬೆಟ್ಟ, ಅದರಾಚೆ ಸಹ್ಯಾದ್ರಿ. ಹಡಗಿನಿಂದ ಇಳಿದವನಿಗೆ ಕಾಣುವುದು ಇಷ್ಟೇ. ಅರಸ ಎಲ್ಲಿದ್ದಾನೆ ಅಂದರೆ ಬಂದರಿನವರು ಆ ಕಡೆ ಕೈ ತೋರಿಸಿರಬೇಕು. ಘಟ್ಟ ಹತ್ತಿಳಿದು ಹೋಗುವ ದಾರಿಯ ಆಯಾಸದಲ್ಲಿ ಅಳೆದರೆ 640 ಮೈಲಿಯೂ ಸುಳ್ಳಲ್ಲವೇನೋ.

ಮೂರನೇ ದಿನ ಸಂಜಾಣ. ಈಗ ಗುಜರಾತಿನ ವಲಸಾಡ್ ಜಿಲ್ಲೆ. ಚಿಂಚಣಿ ಮಹಾರಾಷ್ಟ್ರದಲ್ಲಿ, ಸಂಜಾಣ ಗುಜರಾತಿನಲ್ಲಿ. ಮಧುಮತಿಯ ನೆನಪು ಎರಡು ರಾಜ್ಯಕ್ಕೆ ಹಂಚಿಹೋಗಿದೆ. ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ 1920ರಲ್ಲಿ ಪಾರಸಿಗಳು ನಿಲ್ಲಿಸಿದ ಸ್ತಂಭ ಇದೆ, ಬರುವವರೆಲ್ಲ ಅದನ್ನೇ ನೋಡಲು ಬರುತ್ತಾರೆ. ನಾನು ಹುಡುಕಿ ಹೋದದ್ದು ವರೋಲಿ ಹೊಳೆಯ ದಂಡೆಗೆ, ಹಳೇ ಬಂದರು ಇದ್ದ ಜಾಗಕ್ಕೆ. 2002ರಿಂದ 2004ರ ತನಕ ಇಲ್ಲಿ ಉತ್ಖನನ ನಡೆದು ಪಶ್ಚಿಮ ಏಷ್ಯಾದ ನೀಲಿ-ಹಸಿರು ಮೆರುಗಿನ ಮಡಕೆ ಚೂರು, ಚೀನೀ ಪಿಂಗಾಣಿ, ಗಾಜು ಸಿಕ್ಕಿವೆ. ಈಗ ಹೋದವರಿಗೆ ಕಾಣುವುದು ಹೊಳೆ, ಕೆಸರು, ಪೊದೆ. ಇಲ್ಲಿ ಬಂದಿಳಿದ ಸರಕು ಘಟ್ಟ ಹತ್ತಿ ಕಾಗಿಣಾ ದಂಡೆಗೆ ಬರಲು ಎಷ್ಟು ದಿನ ಹಿಡಿಯುತ್ತಿತ್ತೋ.

ಅಂದ ಹಾಗೆ, ಸಂಜಾಣಕ್ಕೂ ಮಳಖೇಡಕ್ಕೂ ಇನ್ನೊಂದು ಹಳೇ ನಂಟಿದೆ. ಅಮೋಘವರ್ಷನ 871ರ ಪ್ರಸಿದ್ಧ ತಾಮ್ರಪಟಕ್ಕೆ 'ಸಂಜಾಣ ಶಾಸನ' ಅಂತಲೇ ಹೆಸರು. ಮಾನ್ಯಖೇಟದಲ್ಲಿ ಕೂತು ಅರಸ ಕೊಟ್ಟ ದಾನದ ಹಳ್ಳಿ ಇರುವುದು ಸಂಯಾನದ ಹತ್ತಿರ. ನಾಡಿಗೆ ಬಂದ ಕೇಡು ತಪ್ಪಿಸಲು ತನ್ನ ಎಡಗೈ ಬೆರಳನ್ನೇ ಮಹಾಲಕ್ಷ್ಮಿಗೆ ಕತ್ತರಿಸಿ ಕೊಟ್ಟ ಅಂತ ನಾವು ಹೇಳಿಕೊಳ್ಳುವ ಕಥೆ ಬರುವುದು ಇದೇ ಶಾಸನದಲ್ಲಿ. ಕವಿರಾಜಮಾರ್ಗದ ಕನ್ನಡ ನಾಡು ಗೋದಾವರಿಗೆ ನಿಲ್ಲುತ್ತದೆ. ಅರಸನ ನಾಡು ಗೋದಾವರಿ ಹುಟ್ಟುವ ಬೆಟ್ಟಗಳನ್ನೂ ದಾಟಿ ಈ ಕೆಸರಿನ ದಂಡೆಯ ತನಕ ಬಂದಿತ್ತು.

972ರಲ್ಲಿ ಪರಮಾರ ಸೀಯಕ ಮಳಖೇಡವನ್ನು ಲೂಟಿ ಮಾಡಿದ. ಸ್ವಲ್ಪ ದಿನದಲ್ಲೇ ರಾಷ್ಟ್ರಕೂಟರ ಕಾಲವೂ ಮುಗಿಯಿತು. ಸಂಜಾಣದ ಮೇಲೆ ಶಿಲಾಹಾರರು ಬಂದರು. ಚಿಂಚಣಿಯ ಅದೇ ಗಂಟಿನಲ್ಲಿ ಇನ್ನೊಂದು ಪಟ ಇದೆ, ಶಕ 956, ಅಂದರೆ 1034ರದು, ಚಾಮುಂಡರಾಜ ಎಂಬ ಸಾಮಂತನದು. ಅದರಲ್ಲಿ ಊರಿನ ಮುಖಂಡರ ಹೆಸರು ಅಲ್ಲಿಯ, ಮಹರ, ಮಧುಮತ. ಅಲಿ, ಮಹಮ್ಮದ್ ಅಂತ ಓದಿಕೊಳ್ಳಬಹುದು. ದತ್ತಿ ಕೊಟ್ಟದ್ದು ಒಂದು ಎಣ್ಣೆ ಗಾಣ. ಯಾರಿಗೆ ಅಂದರೆ, ಅಣ್ಣಯ್ಯ ಕಟ್ಟಿಸಿದ ಅದೇ ಮಠಿಕೆಗೆ. ಆ ಗಾಣದ ಎಣ್ಣೆ ದೇವಿಯ ಮುಂದಿನ ದೀಪಕ್ಕೆ, ಮತ್ತೆ ದೂರದಿಂದ ನಡೆದು ಬಂದ ಪಂಡಿತರ ಅಂಗಾಲಿಗೆ ಹಚ್ಚಲಿಕ್ಕೆ.