ನೆಟ್ ಇಲ್ಲದವರಿಗೆ ಮೇಲ್‌ನಲ್ಲೇ ಫೈಲ್: ಏನಿದು ಎಫ್‌ಟಿಪಿಮೇಲ್?

ಈಗ ಫೈಲ್ ಬೇಕು ಅಂದ್ರೆ ಲಿಂಕ್ ಒತ್ತಿದ್ರೆ ಆಯ್ತು. 1990ರ ಆಸುಪಾಸಿನಲ್ಲಿ ಹಾಗಿರಲಿಲ್ಲ. ಎಷ್ಟೋ ಕಾಲೇಜು, ಸಂಶೋಧನಾ ಸಂಸ್ಥೆ, ಕಚೇರಿಗಳ ಕಂಪ್ಯೂಟರ್‌ಗೆ ಇಮೇಲ್ ಬರುತ್ತಿತ್ತು, ಇಂಟರ್‌ನೆಟ್ ಮಾತ್ರ ಬರುತ್ತಿರಲಿಲ್ಲ.

ಅದು ಹೇಗೆ ಸಾಧ್ಯ ಅಂತ ಇವತ್ತಿನ ಹುಡುಗರು ಕೇಳಬಹುದು. ಫೈಲ್ ಇಳಿಸಿಕೊಳ್ಳಲು ಆಗ ಬಳಸುತ್ತಿದ್ದದ್ದು ಎಫ್‌ಟಿಪಿ. ಇದರಲ್ಲಿ ನಿಮ್ಮ ಕಂಪ್ಯೂಟರ್ ಮತ್ತು ಫೈಲ್ ಇರುವ ಕಂಪ್ಯೂಟರ್ ಎರಡೂ ಒಂದೇ ಹೊತ್ತಿಗೆ ನೇರವಾಗಿ ಲೈನ್‌ನಲ್ಲಿ ಇರಬೇಕು, ಫೋನ್‌ನಲ್ಲಿ ಮಾತಾಡಿದ ಹಾಗೆ. ಮೇಲ್‌ಗೆ ಆ ಕಟ್ಟುಪಾಡಿಲ್ಲ. ಊರಿಂದ ಊರಿಗೆ ಬಸ್ ಕಂಡಕ್ಟರ್ ಕೈಯಲ್ಲಿ ಪಾರ್ಸೆಲ್ ಕೊಟ್ಟು ಕಳಿಸ್ತೀವಲ್ಲ, ಹಾಗೆ. ಒಂದು ಕಂಪ್ಯೂಟರ್ ಪತ್ರವನ್ನು ಇಟ್ಟುಕೊಂಡಿರುತ್ತದೆ, ರಾತ್ರಿ ಮುಂದಿನ ಕಂಪ್ಯೂಟರ್‌ಗೆ ಫೋನ್ ಲೈನ್ ಸಿಕ್ಕಾಗ ದಾಟಿಸುತ್ತದೆ. ಅಲ್ಲಿಂದ ಇನ್ನೊಂದಕ್ಕೆ. ತಡವಾದರೂ ಮುಟ್ಟುತ್ತದೆ.

ಈ ದಾರಿಯಲ್ಲೇ ಫೈಲನ್ನೂ ಯಾಕೆ ಕಳಿಸಬಾರದು ಅನ್ನೋ ಯೋಚನೆಯಿಂದ ಹುಟ್ಟಿದ್ದು ಎಫ್‌ಟಿಪಿಮೇಲ್. ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಲ್ಯಾಬ್‌ನಲ್ಲಿ ಪಾಲ್ ವಿಕ್ಸಿ ಇದನ್ನು ಬರೆದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೆಲಿಂಡಾ ವೇರಿಯನ್ ಬರೆದ ಬಿಟ್‌ಎಫ್‌ಟಿಪಿ ಕೂಡ ಇದೇ ಕೆಲಸ ಮಾಡುತ್ತಿತ್ತು. ಅದು ಬಿಟ್‌ನೆಟ್ ಅನ್ನೋ ವಿಶ್ವವಿದ್ಯಾಲಯಗಳ ಜಾಲದಲ್ಲಿದ್ದವರಿಗಾಗಿ ಮಾಡಿದ್ದು.

ಕೆಲಸ ಸರಳ. ಎಫ್‌ಟಿಪಿಮೇಲ್ ವಿಳಾಸಕ್ಕೆ ಒಂದು ಮೇಲ್ ಹಾಕಬೇಕು. ಅದರಲ್ಲಿ ನಮಸ್ಕಾರ, ಕ್ಷೇಮ ಏನೂ ಬೇಡ, ಓದುವುದು ಮನುಷ್ಯರಲ್ಲ. ಮೊದಲ ಸಾಲಲ್ಲಿ ‘ಕನೆಕ್ಟ್’ ಅಂತ ಬರೆದು ಯಾವ ಕಂಪ್ಯೂಟರ್ ಅಂತ ಹೇಳಬೇಕು. ಆಮೇಲೆ ಯಾವ ಫೋಲ್ಡರ್, ಕೊನೆಗೆ ‘ಗೆಟ್’ ಅಂತ ಹಾಕಿ ಫೈಲ್ ಹೆಸರು. ಆ ಕಡೆಯ ಕಂಪ್ಯೂಟರ್ ನಿಮ್ಮ ಪರವಾಗಿ ಎಫ್‌ಟಿಪಿ ಮಾಡಿ ಫೈಲ್ ತಂದು ಮೇಲ್‌ನಲ್ಲಿ ಕಳಿಸುತ್ತಿತ್ತು. ಸರದಿ ಉದ್ದವಿದ್ದರೆ ಒಂದು ದಿನ ಕಾಯಬೇಕು. ಹೆಸರಲ್ಲಿ ಒಂದಕ್ಷರ ತಪ್ಪಾದರೆ ಮರುದಿನ ಬರುತ್ತಿದ್ದದ್ದು ‘ಅಂಥ ಫೈಲ್ ಇಲ್ಲ’ ಅನ್ನೋ ಉತ್ತರ. ಫೈಲ್ ಎಲ್ಲಿದೆ ಅನ್ನೋದೇ ಗೊತ್ತಿಲ್ಲದಿದ್ದರೆ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಶುರುವಾದ ‘ಆರ್ಚಿ’ ಅನ್ನೋ ಹುಡುಕುವ ವ್ಯವಸ್ಥೆಗೂ ಮೇಲ್‌ನಲ್ಲೇ ಕೇಳಬಹುದಿತ್ತು.

ಅಕ್ಷರ ಮಾತ್ರ ಸಾಗುವ ದಾರಿ

ಕಷ್ಟ ಇದ್ದದ್ದು ಬೇರೆ ಕಡೆ. ಆಗಿನ ಮೇಲ್ ಇಂಗ್ಲಿಷ್ ಅಕ್ಷರ, ಅಂಕಿಗಳನ್ನಷ್ಟೇ ಸರಿಯಾಗಿ ಸಾಗಿಸುತ್ತಿತ್ತು. ಸಾಫ್ಟ್‌ವೇರ್, ಫೋಟೊ, ಜಿಪ್ ಫೈಲ್ ಹಾಕಿದರೆ ದಾರಿಯಲ್ಲೇ ಕೆಡುತ್ತಿತ್ತು. ಅದಕ್ಕೆ ‘ಯುಯುಎನ್‌ಕೋಡ್’ ಅನ್ನೋ ಪ್ರೋಗ್ರಾಂ ಬಳಸುತ್ತಿದ್ದರು. ಇದು ಫೈಲಿನ ಪ್ರತಿ 3 ಬೈಟ್‌ಗಳನ್ನು 4 ಅಕ್ಷರಗಳಾಗಿ ಬದಲಿಸುತ್ತದೆ. ಪಡೆದವರು ಮತ್ತೆ ವಾಪಸ್ ತಿರುಗಿಸಿಕೊಳ್ಳಬೇಕು. ಸಾಲಿನ ಲೆಕ್ಕವೂ ಸೇರಿದರೆ ಫೈಲಿನ ಗಾತ್ರ ಸುಮಾರು ಶೇ 38ರಷ್ಟು ಹೆಚ್ಚುತ್ತದೆ.

ದೊಡ್ಡ ಮೇಲ್‌ಗಳನ್ನು ದಾರಿಯಲ್ಲಿನ ಕಂಪ್ಯೂಟರ್‌ಗಳು ತಿರಸ್ಕರಿಸುತ್ತಿದ್ದವು. ಹಾಗಾಗಿ ಎಫ್‌ಟಿಪಿಮೇಲ್ ಫೈಲನ್ನು ತುಂಡು ಮಾಡಿ ಕಳಿಸುತ್ತಿತ್ತು, ಒಂದೊಂದು ತುಂಡು ಸಾಮಾನ್ಯವಾಗಿ 64,000 ಅಕ್ಷರ. ಲೆಕ್ಕ ಹಾಕಿ ನೋಡಿ: 1 ಎಂಬಿ ಫೈಲ್‌ಗೆ 23 ಮೇಲ್! ಈಗ ವಾಟ್ಸ್‌ಆ್ಯಪ್‌ನಲ್ಲಿ ಬರೋ ಒಂದು ಫೋಟೊ ಅದಕ್ಕಿಂತ ದೊಡ್ಡದಿರಬಹುದು.

ಆ 23ನ್ನೂ ಕ್ರಮವಾಗಿ ಜೋಡಿಸಿ, ಪ್ರತಿಯೊಂದರ ತಲೆಸಾಲುಗಳನ್ನು ಕತ್ತರಿಸಿ ಒಂದೇ ಫೈಲ್ ಮಾಡಬೇಕಿತ್ತು. ಮೇಲ್‌ಗಳು ಸರದಿ ಪ್ರಕಾರ ಬರುತ್ತಿರಲಿಲ್ಲ, 7ನೇದು ಮೊದಲು, 2ನೇದು ಮೂರು ದಿನ ಬಿಟ್ಟು. ಒಂದು ತುಂಡು ಕಳೆದರೆ ಉಳಿದ 22 ಇದ್ದೂ ಜಿಪ್ ಫೈಲ್ ಬಿಚ್ಚಿಕೊಳ್ಳದೆ ಕೈಕೊಡುತ್ತಿತ್ತು. ಬಿಟ್‌ನೆಟ್‌ನ ಐಬಿಎಂ ಯಂತ್ರಗಳು ಕೆಲವು ಚಿಹ್ನೆಗಳನ್ನು ಬೇರೆಯಾಗಿ ಓದಿ ಕೆಡಿಸುತ್ತಿದ್ದವು. ಆ ಕಾಟ ತಪ್ಪಿಸಲು ಅಕ್ಷರ, ಅಂಕಿ ಮತ್ತು ಎರಡೇ ಎರಡು ಚಿಹ್ನೆ ಬಳಸುವ ‘ಎಕ್ಸ್‌ಎಕ್ಸ್‌ಎನ್‌ಕೋಡ್’ ಬಂತು.

ನಮ್ಮ ದೇಶದ ಸ್ಥಿತಿಯೂ ಇದೇ ಇತ್ತು. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಿಂದಲೂ ಇತ್ತು. ಆರಂಭದಲ್ಲಿ ನಡೆಯುತ್ತಿದ್ದದ್ದು ಫೋನ್ ಲೈನ್ ಮೇಲಿನ ಮೇಲ್. ಆಮೇಲೆ ಮುಂಬೈಯ ಎನ್‌ಸಿಎಸ್‌ಟಿಯಿಂದ ಅಮೆರಿಕಕ್ಕೆ ಸೆಕೆಂಡಿಗೆ 9,600 ಬಿಟ್ ಸಾಗಿಸುವ ಲೈನ್ ಬಂತು. ಯುಯುಎನ್‌ಕೋಡ್ ಮಾಡಿದ 1 ಎಂಬಿ ಫೈಲ್ ಅಂಥ ಲೈನ್ ದಾಟಬೇಕಂದ್ರೆ, ಬೇರೆ ಯಾರೂ ಬಳಸದಿದ್ದರೂ 20 ನಿಮಿಷ ಬೇಕು. ಆದರೆ ಆ ಲೈನ್ ಹಲವು ಸಂಸ್ಥೆಗಳಿಗೆ ಸೇರಿದ್ದು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಿಂದ, ಅದೂ ಮೊದಲು ಮಹಾನಗರಗಳಲ್ಲಿ ಮಾತ್ರ.

ಈ ಸೇವೆಗೆ ಬಳಸುವವರು ದುಡ್ಡು ಕೊಡಬೇಕಿರಲಿಲ್ಲ. ಹಾಗಂತ ಅದು ಬಿಟ್ಟಿ ಅಲ್ಲ. ಮಧ್ಯದಲ್ಲಿ ಮೇಲ್ ದಾಟಿಸುವ ಸಂಸ್ಥೆ ತನ್ನ ಎಸ್‌ಟಿಡಿ ಬಿಲ್‌ನಲ್ಲಿ ಅದನ್ನು ಕಟ್ಟುತ್ತಿತ್ತು. ಯಾರೋ ಗೇಮ್ ತರಿಸಿಕೊಂಡರೆ ಬಿಲ್ ಇನ್ಯಾರಿಗೋ! ಹತ್ತಿರದ ಸರ್ವರನ್ನೇ ಬಳಸಿ, ಒಂದೇ ಸಲ ರಾಶಿ ಫೈಲ್ ಕೇಳಬೇಡಿ ಅಂತ ಸಲಹೆ ಕೊಡುತ್ತಿದ್ದದ್ದು ಇದಕ್ಕೇ. ಯುರೋಪಿನವರಿಗೆ ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲೂ ಒಂದು ಎಫ್‌ಟಿಪಿಮೇಲ್ ಇತ್ತು.

ವೆಬ್ ಬಂದ ಮೇಲೂ ಮೇಲ್ ದಾರಿ ಮುಚ್ಚಲಿಲ್ಲ. ಹೃದಯತಜ್ಞ ಬರ್ನಾರ್ಡ್ ಲೌನ್ ಕಟ್ಟಿದ ಸ್ಯಾಟೆಲ್‌ಲೈಫ್ ಸಂಸ್ಥೆ ‘ಗೆಟ್‌ವೆಬ್’ ಅನ್ನೋ ಸೇವೆ ನಡೆಸಿತು. ಬಡ ದೇಶಗಳ ವೈದ್ಯರು ವೆಬ್ ವಿಳಾಸ ಬರೆದು ಮೇಲ್ ಹಾಕಿದರೆ ಆ ಪುಟದ ಬರಹ ಮೇಲ್‌ನಲ್ಲಿ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ರೋಗಿಗೆ ಯಾವ ಔಷಧ ಅಂತ ನೋಡೋರಿಗೆ ಚಿತ್ರ ಯಾಕೆ ಬೇಕು?

1992ರಲ್ಲಿ ಮೈಮ್ ಅನ್ನೋ ನಿಯಮ ಬಂದು, ತುಂಡು ಜೋಡಿಸುವ ಪಾಡು ನಿಧಾನಕ್ಕೆ ತಪ್ಪಿತು. ಇವತ್ತಿನ ಅಟ್ಯಾಚ್‌ಮೆಂಟ್ ಅದರದೇ ಕೊಡುಗೆ. ಆದರೆ ಒಳಗೆ ಇನ್ನೂ 3 ಬೈಟ್‌ಗೆ 4 ಅಕ್ಷರದ ಲೆಕ್ಕವೇ ಸಾಮಾನ್ಯ, ಹೆಸರು ಮಾತ್ರ ಬೇಸ್64. ಮಿತಿ 25 ಎಂಬಿ ಇರುವ ಕಚೇರಿ ಮೇಲ್‌ಗೆ 20 ಎಂಬಿ ಸ್ಕ್ಯಾನ್ ಹಾಕಿದರೂ ಕೆಲವೊಮ್ಮೆ ವಾಪಸ್ ಬರುವುದು ಇದಕ್ಕೇ. ದಾರಿಯಲ್ಲಿ ಅದು 27 ಎಂಬಿ ಆಗಿರುತ್ತದೆ. ಅರ್ಜಿ ಜೊತೆ ದಾಖಲೆ ಕಳಿಸುವವರು ಸ್ಕ್ಯಾನ್ ಗಾತ್ರ ಇಳಿಸಿಯೋ, ಎರಡು ಮೇಲ್ ಮಾಡಿಯೋ ಕಳಿಸೋದು ವಾಸಿ.

ಸಮುದ್ರದ ಮಧ್ಯೆ ಹಾಯಿದೋಣಿಯಲ್ಲಿ ಹೋಗುವವರು ಮಾತ್ರ ಈಗಲೂ ಹಳೇ ಪದ್ಧತಿಯನ್ನೇ ನಂಬಿದ್ದಾರೆ. ರೇಡಿಯೊ ಮೂಲಕ ‘ಸೈಲ್‌ಡಾಕ್ಸ್’ ವಿಳಾಸಕ್ಕೆ ‘ಸೆಂಡ್’ ಅಂತ ಒಂದು ಸಾಲಿನ ಮೇಲ್. ಯಾವ ಅಕ್ಷಾಂಶ, ಯಾವ ರೇಖಾಂಶ, ಎಷ್ಟು ಗಂಟೆಯ ಮುನ್ಸೂಚನೆ ಬೇಕು ಅನ್ನೋದನ್ನೂ ಅದರಲ್ಲೇ ಬರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಗಾಳಿ, ಒತ್ತಡದ ಸಣ್ಣ ಫೈಲ್ ಬರುತ್ತದೆ, ಅದನ್ನು ನೋಡಿ ಹಾಯಿ ಇಳಿಸಬೇಕೋ ಬೇಡವೋ ತೀರ್ಮಾನಿಸುತ್ತಾರೆ.