ಕಾಯಿಪಲ್ಲೆಯ ಬೂದಿ ರೋಗ: ಇನ್ನೂರು ವರ್ಷಗಳ ಅನುಭವ



ಇವತ್ತು ಬೂದಿ ರೋಗದ ವಿಷಯ ಮಾತಾಡೋಣ. ಔಷಧಿಯ ಹೆಸರು, ಅಳತೆ ಹೇಳಿ ಎರಡು ನಿಮಿಷದಲ್ಲಿ ಮುಗಿಸಬಹುದು. ಆದರೆ ಹಾಗೆ ಹೇಳಿದ ಮಾತು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಈ ರೋಗಕ್ಕೆ ಔಷಧಿ ಹೇಗೆ ಸಿಕ್ಕಿತು, ಯಾರು ಎಲ್ಲಿ ಕೆಟ್ಟರು, ಯಾರು ಉಳಿದರು ಎಂಬುದನ್ನು ತಿಳಿದರೆ ನಮ್ಮ ತೋಟದಲ್ಲಿ ಏನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಸಾಣಾಪುರ, ಆನೆಗೊಂದಿ ಸೀಮೆಯವರಿಗೆ ತೋಟದ ಕೆಲಸ ಹೊಸದಲ್ಲ. ವಿಜಯನಗರದ ಅರಸರು ಹೊಳೆಗೆ ಅಡ್ಡಗಟ್ಟಿ ತೆಗೆಸಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿ ದ್ರಾಕ್ಷಿ, ದಾಳಿಂಬೆ, ನಿಂಬೆ, ಬದನೆ ಹೇರಳವಾಗಿ ಸಿಗುತ್ತಿದ್ದವೆಂದು ಬರೆದಿದ್ದಾನೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರೂ ಬಂತು. ಸಾಣಾಪುರದ ಕೆರೆ ತುಂಬಿತು. ನೀರು ಬಂದಲ್ಲಿ ಭತ್ತ, ಬಾಳೆ ಬಂದವು. ಅವುಗಳ ಬದಿಗೆ ಮನೆಖರ್ಚಿಗೂ ಸಂತೆಗೂ ಆಗುವಂತೆ ಬೆಂಡಿ, ಸೌತಿ, ಹೀರಿ, ಕುಂಬಳ, ಮೆಣಸಿನಗಿಡ ಹಾಕುವುದೂ ನಡೆದಿದೆ.

ಈ ಕಾಯಿಪಲ್ಲೆಗೆ ದೀಪಾವಳಿಯಿಂದ ಶಿವರಾತ್ರಿಯವರೆಗೆ ಕಾಡುವ ಶತ್ರು ಬೂದಿ ರೋಗ. ಮೊದಲು ಹಳೆಯ ಎಲೆಯ ಮೇಲೆ ಬಿಳಿಯ ದುಂಡು ಚುಕ್ಕೆ. ನಾಲ್ಕಾರು ದಿನಗಳಲ್ಲಿ ಚುಕ್ಕೆಗಳು ಕೂಡಿಕೊಂಡು ಎಲೆಗೆಲ್ಲ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಬಳಿಕ ಎಲೆ ಹಳದಿಯಾಗಿ ಒಣಗುತ್ತದೆ. ಎಲೆ ಹೋದ ಮೇಲೆ ಕಾಯಿಗೆ ಊಟ ಎಲ್ಲಿಂದ ಬರಬೇಕು? ಕಾಯಿ ಸಣ್ಣದಾಗುತ್ತದೆ, ಸೊಟ್ಟಗಾಗುತ್ತದೆ. ಎಂಟು ಸಾರಿ ಕಾಯಿ ಹರಿಯಬೇಕಾದ ಬಳ್ಳಿ ಮೂರೇ ಸಾರಿಗೆ ಮುಗಿದುಹೋಗುತ್ತದೆ. ಸಂತೆಯ ಬುಟ್ಟಿ ಖಾಲಿಯಾದರೆ ಮನೆಯ ಉಪ್ಪು, ಎಣ್ಣೆ, ಮಕ್ಕಳ ಪುಸ್ತಕದ ದುಡ್ಡಿಗೂ ಕೊರತೆ ಬೀಳುತ್ತದೆ.

ರಸ್ತೆಯ ಧೂಳಿಗೂ ಇದಕ್ಕೂ ಗೊಂದಲ ಬೇಡ. ಧೂಳು ಎಲೆಗೆಲ್ಲ ಒಂದೇ ಸಮ ಕೂಡುತ್ತದೆ. ಬೂದಿ ರೋಗ ಚುಕ್ಕೆಯಿಂದ ಶುರುವಾಗುತ್ತದೆ. ಮೆಣಸಿನಗಿಡದಲ್ಲಿ ಮಾತ್ರ ಬಿಳಿ ಪುಡಿ ಹೆಚ್ಚಾಗಿ ಎಲೆಯ ಕೆಳಗೆ ಇರುತ್ತದೆ. ಅಲ್ಲಿ ಎಲೆ ತಿರುವಿ ನೋಡಿರಿ.

ಇದು ಒಂದು ಜಾತಿಯ ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗದ್ದು. ಬೂಷ್ಟು ಅಂದ ಕೂಡಲೆ ಮಳೆ, ತೇವ ನೆನಪಾಗುತ್ತವೆ. ಮೋಸ ಹೋಗುವುದು ಇಲ್ಲಿಯೇ ನೋಡ್ರಿ. ನಮ್ಮ ನಾಡಿನಲ್ಲಿ ಅಡಿಕೆಯ ಕೊಳೆ ರೋಗದ ಮೇಲೆ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ದೊಡ್ಡ ಕೆಲಸ ಮಾಡಿದರು. ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಕೊಳೆ ರೋಗ ಮಳೆಗಾಲದ್ದು. ಅದಕ್ಕೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯುವುದು ಆಗಿನಿಂದ ರೂಢಿಗೆ ಬಂತು. ಬೂದಿ ರೋಗದ ಸ್ವಭಾವ ಬೇರೆ. ಇದರ ಬೀಜಕಣ ಮೊಳೆಯಲು ಎಲೆಯ ಮೇಲೆ ನೀರು ನಿಲ್ಲಬೇಕಾಗಿಲ್ಲ. ಒಣ ಎಲೆಯ ಮೇಲೇ ಮೊಳೆಯುತ್ತದೆ. ಹಗಲು ಒಣ ಹವೆ, ರಾತ್ರಿ ತಂಪು, ಒತ್ತಾಗಿ ಬೆಳೆದ ಬಳ್ಳಿಯ ನೆರಳು, ಇಷ್ಟಿದ್ದರೆ ಸಾಕು. ಆದ್ದರಿಂದ ಮಳೆ ನಿಂತಿತು, ಇನ್ನು ರೋಗದ ಭಯವಿಲ್ಲ ಎಂದು ನಾವು ನಿಶ್ಚಿಂತರಾಗುವ ಕಾಲವೇ ಇದರ ಸುಗ್ಗಿ. ಕೊಳೆಗೆ ತಾಮ್ರ, ಬೂದಿಗೆ ಗಂಧಕ. ಇಷ್ಟು ನೆನಪಿಟ್ಟರೆ ಅರ್ಧ ವಿದ್ಯೆ ಬಂದ ಹಾಗೆ.

ಗಂಧಕದ ಗುಣ ಗೊತ್ತಾದದ್ದು ಹೇಗೆ? 1821ರಲ್ಲಿ ಜಾನ್ ರಾಬರ್ಟ್‌ಸನ್ ಎಂಬವರು, ಪೀಚ್ ಹಣ್ಣಿನ ಗಿಡದ ಬೂದಿ ರೋಗಕ್ಕೆ ಸಾಬೂನು ನೀರಿನಲ್ಲಿ ಗಂಧಕ ಕಲಸಿ ಹಚ್ಚಿದರೆ ಗುಣವಾಗುತ್ತದೆ ಎಂದು ಲಂಡನ್ನಿನ ತೋಟಗಾರಿಕೆ ಸಂಘಕ್ಕೆ ತಿಳಿಸಿದರು. ಆಗ ಹೆಚ್ಚು ಜನ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಊರಿನ ಟಕ್ಕರ್ ಎಂಬ ತೋಟಗಾರ ದ್ರಾಕ್ಷಿಬಳ್ಳಿಯ ಮೇಲೆ ಇಂಥದೇ ಬೂದಿಯನ್ನು ಕಂಡ. ಅಮೆರಿಕದಿಂದ ಬಂದ ಆ ರೋಗ ಕೆಲವೇ ವರ್ಷಗಳಲ್ಲಿ ಫ್ರಾನ್ಸ್ ದೇಶವನ್ನೆಲ್ಲ ವ್ಯಾಪಿಸಿತು. 1854ರ ಹೊತ್ತಿಗೆ ಅಲ್ಲಿಯ ದ್ರಾಕ್ಷಾರಸದ ಉತ್ಪನ್ನ ಮಾಮೂಲಿನ ಕಾಲುಭಾಗದಷ್ಟಕ್ಕೆ ಇಳಿಯಿತು. ಎಷ್ಟೋ ಒಕ್ಕಲು ಮನೆಗಳು ಮುಳುಗಿದವು.

ಔಷಧಿ ಇರಲಿಲ್ಲವೆಂದಲ್ಲ. ವರ್ಸೇಲ್ಸ್ ಅರಮನೆಯ ತೋಟಗಾರ ಗ್ರಿಸೋಂ 1852ರಲ್ಲಿಯೇ ಸುಣ್ಣ, ಗಂಧಕ ಕುದಿಸಿದ ನೀರು ಸಿಂಪಡಿಸಿ ತೋರಿಸಿದ್ದ. ಆದರೆ ಜನ ನಂಬಲಿಲ್ಲ. ನಂಬಿದವರಲ್ಲಿಯೂ ಹಲವರು ಎಲೆಯೆಲ್ಲ ಬೆಳ್ಳಗಾದ ಮೇಲೆ ಹೊಡೆದರು. ಮೋಂಪೆಲ್ಯೆ ಪ್ರಾಂತದ ಆನ್ರಿ ಮಾರೆಸ್ ಎಂಬವರು, ಗಂಧಕದ ಪುಡಿಯನ್ನು ಒಂದು ಸಾರಿ ಎರಚಿ ಸುಮ್ಮನಾಗದೆ ಬೆಳೆಯ ಹಂತ ನೋಡಿ ಮತ್ತೆ ಮತ್ತೆ ಎರಚಬೇಕೆಂದು ತಿಳಿಹೇಳಿದರು. ಹಾಗೆ ಮಾಡಿದ ತೋಟಗಳು ಚೇತರಿಸಿಕೊಂಡವು. ಗಂಧಕ ರೋಗವನ್ನು ತಡೆಯುತ್ತದೆ. ಸತ್ತ ಎಲೆಯನ್ನು ಬದುಕಿಸುವುದಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಮನೆ ಉಳಿದೀತೆ?

ಇನ್ನೊಂದು ಸಂಗತಿ ನಮ್ಮ ದೇಶಕ್ಕೆ ಸೇರಿದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1925ರಲ್ಲಿ ಖರಬೂಜದ ಹೊಲಗಳಿಗೆ ಬೂದಿ ರೋಗ ಬಂತು. ಖರಬೂಜದ ಎಲೆ ಗಂಧಕ ತಾಳದೆ ಸುಡುತ್ತದೆ, ಆದ್ದರಿಂದ ಆ ದಾರಿ ಕಷ್ಟವಾಯಿತು. ಆಗ ವಿಜ್ಞಾನಿಗಳು ದೇಶದೇಶಗಳ ಬೀಜ ತರಿಸಿ ಬಿತ್ತಿ ನೋಡಿದರು. ರೋಗ ತಡೆಯುವ ಗುಣ ಸಿಕ್ಕಿದ್ದು ಹಿಂದೂಸ್ತಾನದ ಖರಬೂಜದಲ್ಲಿ. ಅದನ್ನು ಕೂಡಿಸಿ 1936ರಲ್ಲಿ ಪಿ.ಎಂ.ಆರ್. 45 ಎಂಬ ತಳಿ ಹೊರತಂದರು. ಎರಡೇ ವರ್ಷಕ್ಕೆ, 1938ರಲ್ಲಿ, ಆ ತಳಿಯನ್ನೂ ಮೀರಿದ ರೋಗದ ಹೊಸ ಬಗೆ ಕಾಣಿಸಿತು. ಮತ್ತೆ ಹೊಸ ತಳಿ ಬೇಕಾಯಿತು. ಆ ಬೀಜವನ್ನು ತಲೆತಲಾಂತರ ಕಾಪಾಡಿಕೊಂಡು ಬಂದ ನಮ್ಮ ಒಕ್ಕಲಿಗರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ನಿಮ್ಮ ತೋಟದಲ್ಲಿ ಸುತ್ತಲಿನ ಬಳ್ಳಿಗಳೆಲ್ಲ ಬೆಳ್ಳಗಾದಾಗ ಒಂದು ನಾಟಿ ಬಳ್ಳಿ ಹಸುರಾಗಿ ನಿಂತಿದ್ದರೆ ಅದರ ಬೀಜ ಬಿಡಬೇಡಿರಿ. ಗುರುತು ಕಟ್ಟಿ, ಕಾಯಿ ಹಣ್ಣಾಗಿಸಿ, ಬೀಜ ಒಣಗಿಸಿ ಇಡಿರಿ.

ಇನ್ನು ಹೊಸ ಔಷಧಿಗಳ ಮಾತು. ಬೆನೊಮಿಲ್ ಎಂಬ ಅಂತರ್ವ್ಯಾಪಿ ಔಷಧಿ 1960ರ ದಶಕದ ಕೊನೆಗೆ ಬಂದಾಗ ಬೂದಿ ರೋಗದ ಕಥೆ ಮುಗಿಯಿತು ಎಂದುಕೊಂಡರು. 1969ರಲ್ಲಿಯೇ ಸೌತಿ, ಕುಂಬಳದ ಬೂದಿ ರೋಗ ಅದಕ್ಕೆ ಬಗ್ಗದಿರುವುದು ವರದಿಯಾಯಿತು. 2018ರಲ್ಲಿ ನಮ್ಮ ದೇಶದಲ್ಲಿ ಆ ಔಷಧಿಯನ್ನು ನಿಷೇಧಿಸಿದರು. ಅದೇ ಬಳಗದ ಕಾರ್ಬೆಂಡಜಿಮ್ ಅನ್ನು ಮೇಲಿಂದ ಮೇಲೆ ಹೊಡೆದರೂ ಅದೇ ಪಾಡು. ಗಂಧಕಕ್ಕೆ ಮಾತ್ರ, ಇಷ್ಟು ವರ್ಷ ಬಳಸಿದರೂ, ರೋಗ ಹಾಗೆ ಒಗ್ಗಿಕೊಂಡಿಲ್ಲ. ಅದು ಶಿಲೀಂಧ್ರವನ್ನು ಒಂದೇ ಕಡೆಯಲ್ಲ, ಹಲವು ಕಡೆ ಹೊಡೆಯುತ್ತದೆ.

ಈಗ ನಮ್ಮ ತೋಟದ ಕೆಲಸಕ್ಕೆ ಬರೋಣ.

ಮೊದಲನೆಯದು, ಒತ್ತಾಗಿ ಹಾಕಬೇಡಿರಿ. ಗಾಳಿ, ಬಿಸಿಲು ಆಡಲಿ. ಯೂರಿಯಾ ಹಿತಮಿತವಾಗಿರಲಿ; ಅತಿಯಾಗಿ ಸೊಕ್ಕಿದ ಎಲೆಗೆ ರೋಗ ಬೇಗ ಹತ್ತುತ್ತದೆ.

ಎರಡನೆಯದು, ಮುಗಿದ ಬಳ್ಳಿಯನ್ನು ಹೊಲದಲ್ಲಿ ನಿಲ್ಲಿಸಬೇಡಿರಿ. ಈ ರೋಗ ಬದುಕುವುದು ಜೀವಂತ ಎಲೆಯ ಮೇಲೆ. ಹಳೆ ಬಳ್ಳಿಯಿಂದ ಗಾಳಿಯಲ್ಲಿ ಹಾರಿ ಹೊಸ ಮಡಿಗೆ ಬರುತ್ತದೆ.

ಮೂರನೆಯದು, ವಾರಕ್ಕೆ ಎರಡು ಸಾರಿ ಕೆಳಗಿನ ಎಲೆ ನೋಡಿರಿ. ಮೊದಲ ಚುಕ್ಕೆ ಕಂಡ ದಿನವೇ ಆ ಎಲೆ ಕಿತ್ತು ಹೊರಗೆ ಹಾಕಿ, ಬೆಂಡಿ, ಮೆಣಸಿನಗಿಡಗಳಿಗೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ ಸಿಂಪಡಿಸಿರಿ. 15 ಲೀಟರಿನ ಪಂಪಿಗೆ 30ರಿಂದ 45 ಗ್ರಾಂ ಆಯಿತು. ಎಲೆಯ ಕೆಳಗೂ ತಾಗಲಿ. 10ರಿಂದ 15 ದಿನ ಬಿಟ್ಟು ಮತ್ತೊಮ್ಮೆ. ಸೌತಿ, ಹೀರಿ, ಕುಂಬಳದ ಜಾತಿಗೆ ಮೊದಲು ನಾಲ್ಕು ಬಳ್ಳಿಗೆ ಹೊಡೆದು ಎರಡು ದಿನ ಕಾಯಿರಿ. ಎಲೆ ಸುಡದಿದ್ದರೆ ಮುಂದುವರಿಸಿರಿ. ಖರಬೂಜಕ್ಕೆ ಗಂಧಕ ಬೇಡ.

ನಮ್ಮ ಸೀಮೆಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಉಷ್ಣತೆ 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆಯನ್ನೇ ಸುಡುತ್ತದೆ. ತಂಪು ದಿನ ನೋಡಿ ಬೆಳಗಿನಲ್ಲೇ ಸಿಂಪಡಿಸಿರಿ. ಬೇವಿನೆಣ್ಣೆ ಹೊಡೆದ ಮೇಲೆ ಎರಡು ವಾರ ಗಂಧಕ ಬೇಡ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕಣ್ಣಿಗೆ ಬೀಳದಂತೆ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಹೊಡೆಯಿರಿ.

ಹಿತ್ತಲಿನ ಹತ್ತು ಬಳ್ಳಿಗೆ ಔಷಧಿಯೇ ಬೇಡವೆನ್ನುವ ತಾಯಂದಿರು ಹಾಲು ಬಳಸಿ ನೋಡಬಹುದು. ನಗಬೇಡಿರಿ. ಬ್ರೆಜಿಲ್ ದೇಶದ ವಿಜ್ಞಾನಿ ಬೆಟಿಯೋಲ್ ಇದನ್ನು ಕುಂಬಳದ ಜಾತಿಯ ಗಿಡಗಳ ಮೇಲೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಒಂದು ಪಾಲು ಹಸಿ ಹಾಲಿಗೆ ಒಂಬತ್ತು ಪಾಲು ನೀರು ಕೂಡಿಸಿ ವಾರಕ್ಕೆ ಎರಡು ಸಾರಿ ಸಿಂಪಡಿಸಬೇಕು. ಮಕ್ಕಳ ಪಾಲಿನ ಹಾಲು ಮಾತ್ರ ಮುಟ್ಟಬೇಡಿರಿ!

ಅಂತರ್ವ್ಯಾಪಿ ಔಷಧಿ ಬೇಕೇಬೇಕಾದರೆ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಚೀಟಿಯಲ್ಲಿ ಬರೆದ ಅಳತೆಯಲ್ಲೇ ಬಳಸಿರಿ. ಒಂದೇ ಔಷಧಿಯನ್ನು ಎರಡು ಸಾರಿ ಬೆನ್ನುಬೆನ್ನಿಗೆ ಹೊಡೆಯಬೇಡಿರಿ. ಹೊಡೆದ ಮೇಲೆ ಎಷ್ಟು ದಿನ ಕಾಯಿ ಹರಿಯಬಾರದೆಂದು ಬರೆದಿರುತ್ತದೋ ಅಷ್ಟು ದಿನ ಕಾಯಿರಿ. ಸಂತೆಯಲ್ಲಿ ಆ ಕಾಯಿ ಕೊಳ್ಳುವವರ ಮನೆಯಲ್ಲಿಯೂ ಕೂಸುಗಳಿರುತ್ತವೆ.

ಫ್ರಾನ್ಸಿನ ಒಕ್ಕಲಿಗರು ಕೆಟ್ಟು ಕಲಿತ ಪಾಠ ನಮಗೆ ಪುಕ್ಕಟೆಯಾಗಿ ಸಿಕ್ಕಿದೆ. ನಾಳೆ ಬೆಳಿಗ್ಗೆ ನೀರು ಬಿಡಲು ಹೋದಾಗ ಬಾಗಿ ನಾಲ್ಕು ಎಲೆ ತಿರುವಿ ನೋಡಿರಿ. ಒಂದು ಚುಕ್ಕೆ ಕಂಡರೂ ಮರುದಿನಕ್ಕೆ ಇಡಬೇಡಿರಿ.